ತಾಯಿಜ್‌ನ ಹನಾನ್

ಯೆಮನ್ ದೇಶದ ತಾಯಿಜ್ ಊರಿನ ಶಾಲೆಯೊಂದರಲ್ಲಿ ಸೀತಾಲಕ್ಷ್ಮಿ ಬಹಳ ವರ್ಷ ಗಣಿತದ ಟೀಚರ್ ಆಗಿದ್ದರು. ಅಲ್ಲಿ ಯುದ್ಧ ಶುರುವಾದಾಗ ಗಂಡ ಸೇತುರಾಮರ ಜೊತೆ ಉಟ್ಟ ಬಟ್ಟೆಯಲ್ಲೇ ಜಯನಗರಕ್ಕೆ ವಾಪಸಾದವರು, ಆಮೇಲೆ ಆ ಊರಿನ ಮಾತನ್ನೇ ಎತ್ತುತ್ತಿರಲಿಲ್ಲ. ಈ ಜನವರಿಯಲ್ಲಿ ಅಲ್ಲಿನ ಹಳೆಯ ಶಿಷ್ಯೆ ಹನಾನ್ ಫೋನ್ ಮಾಡಿದಳು. ಯಾವುದೋ ನೆರವಿನ ಸಂಸ್ಥೆಯವರು ಅವಳ ಅಪ್ಪನನ್ನು ಹೃದಯದ ಆಪರೇಷನ್‌ಗೆ ಬೆಂಗಳೂರಿಗೆ ಕಳಿಸಿದ್ದರು. ಜೊತೆಗೆ ಅವಳು ಬಂದಿದ್ದಳು.

"ಯಾರು, ನಿನ್ನ ಆರನೇ ಕ್ಲಾಸ್ ಹುಡುಗೀನಾ?" ಸೇತುರಾಮರು ಕೇಳಿದರು.

"ಅವಳೇ ರೀ. ನಾನು ಬೋರ್ಡ್ ಮೇಲೆ ಲೆಕ್ಕ ಬರೆದು ಮುಗಿಸೋದ್ರೊಳಗೆ ಉತ್ತರ ಹೇಳ್ತಿದ್ಲಲ್ಲ. ಈಗ ಇಂಜಿನಿಯರಿಂಗ್ ಓದ್ತಿರ್ತಾಳೆ."

ಸೀತಾಲಕ್ಷ್ಮಿ ಒಬ್ಬರೇ ಅಕ್ಕಿರೊಟ್ಟಿ ಕಟ್ಟಿಕೊಂಡು ಆಟೊ ಹಿಡಿದು ಬಿಟಿಎಂ ಲೇಔಟ್‌ನ ಲಾಡ್ಜ್‌ಗೆ ಹೋದರು. ಬಾಗಿಲು ತೆರೆದ ಹೆಂಗಸು ಹನಾನ್ ಎಂದು ನಂಬಲು ಅವರಿಗೆ ಒಂದು ಕ್ಷಣ ಬೇಕಾಯಿತು. ಇಪ್ಪತ್ತು ದಾಟಿದ ಹುಡುಗಿಯ ಮುಖದಲ್ಲಿ ನಲವತ್ತರ ದಣಿವಿತ್ತು. ಮಂಚದ ಮೇಲೆ ಅವಳ ಅಪ್ಪ ಸಾಲೇಹ್ ಒರಗಿದ್ದ. ಒಂದು ಕಾಲಕ್ಕೆ ಬಟ್ಟೆ ಅಂಗಡಿಯಿಟ್ಟು ಮೆರೆದಿದ್ದ ಆಸಾಮಿ, ಈಗ ಬರೀ ಮೂಳೆ ಚಕ್ಕಳ.

"ಏನು ಓದ್ತಿದ್ದೀಯಮ್ಮ?" ಸೀತಾಲಕ್ಷ್ಮಿ ಹಳೆಯ ಅರಬ್ಬಿ ನೆನಪಿಸಿಕೊಂಡು ಕೇಳಿದರು.

"ನೀವು ಹೋದ ಮೇಲೆ ಸ್ಕೂಲು ಸಿಪಾಯಿಗಳ ಕ್ಯಾಂಪ್ ಆಯ್ತು, ಟೀಚರ್. ಹದಿನಾಲ್ಕಕ್ಕೆ ನನ್ನ ಮದುವೆ ಆಯ್ತು. ಗಂಡ ಕಾಳಗದಲ್ಲಿ ಹೋದ. ಮಗಳು ಊರಲ್ಲಿ ಅಮ್ಮನ ಹತ್ರ ಇದ್ದಾಳೆ." ಬೇರೆ ಯಾರದೋ ಸುದ್ದಿ ಹೇಳುವಂತೆ ಹೇಳಿ, ಅಪ್ಪನ ಔಷಧಿ ತರಲು ಕೆಳಗಿಳಿದಳು.

ಅವಳ ಹೆಜ್ಜೆಯ ಸದ್ದು ಇಳಿದುಹೋದ ಮೇಲೆ ಸಾಲೇಹ್ ಬಾಯಿ ಬಿಟ್ಟ. ಅಂಗಡಿ ಸುಟ್ಟುಹೋಗಿತ್ತು. ಎಳೆಗೂಸೊಂದು ಹಸಿವಿನಲ್ಲೇ ಹೋಯಿತು. ಇನ್ನಿಬ್ಬರು ಗಂಡುಮಕ್ಕಳು ಎದ್ದು ನಿಲ್ಲಲಾರದೆ ಮಲಗಿದ್ದರು. ಆಗ ಹನಾನಳನ್ನು ಮದುವೆಗೆ ಕೇಳಿಕೊಂಡು ಬಂದವರು ಹಿಟ್ಟು, ಎಣ್ಣೆ ಇಳಿಸಿ ಹೋದರು.

"ಹಿಟ್ಟಿಗೆ ಮಗಳನ್ನ ಕೊಟ್ಟೆ. ಹುಡುಗರು ಉಳಿದರು. ನೀವು ಹೇಳಿದ್ರೆ ಅವಳು ಕೇಳ್ತಾಳೆ, ಟೀಚರ್. ಅಪ್ಪ ಮಾಡಿದ್ದು ಸರಿ ಅಂತ ಅವಳ ಬಾಯಲ್ಲಿ ಒಂದು ಮಾತು ಬರಲಿ. ಆಪರೇಷನ್‌ಗೆ ಮುಂಚೆ."

ಸೀತಾಲಕ್ಷ್ಮಿಯವರಿಗೆ ಮೈ ಉರಿಯಿತು. ಅವನನ್ನು ಬಯ್ಯಬೇಕೆನಿಸಿತು. ಬಯ್ಯಲು ಆ ಮುಖದಲ್ಲಿ ಜಾಗವಿರಲಿಲ್ಲ. ಎದ್ದು ಕೆಳಗೆ ಬಂದರು.

ಔಷಧಿ ಹಿಡಿದು ಬರುತ್ತಿದ್ದ ಹನಾನ್ ಗೇಟಿನ ಬಳಿಯೇ ಸಿಕ್ಕಳು. ಅಪ್ಪ ಕೇಳಿದ್ದನ್ನು ಸೀತಾಲಕ್ಷ್ಮಿ ಹೇಳಿದಾಗ ಪೂರ್ತಿ ಕೇಳಿಸಿಕೊಂಡಳು.

"ಆ ಹಿಟ್ಟು ಬರದೆ ಇದ್ದಿದ್ರೆ ತಮ್ಮಂದಿರು ಇರ್ತಿರ್ಲಿಲ್ಲ, ನಂಗೊತ್ತು. ಅಪ್ಪನ ಮೇಲೆ ಕೋಪ ಇಲ್ಲ ಟೀಚರ್. ಊಟ ಮಾಡಿಸ್ತೀನಿ, ಕಾಲು ಒತ್ತುತ್ತೀನಿ. ಆದ್ರೆ ಅದು ಸರಿ ಅಂತ ಮಾತ್ರ ಹೇಳಲ್ಲ. ಇವತ್ತು ಹೇಳಿದ್ರೆ, ನಾಳೆ ನನ್ನ ಮಗಳನ್ನ ಕೇಳ್ಕೊಂಡು ಬರ್ತಾರೆ. ಯುದ್ಧ ಇನ್ನೂ ಮುಗಿದಿಲ್ಲ."

"ಮಗಳನ್ನ ಕರ್ಕೊಂಡು ಬಾ. ಇಲ್ಲೇ ನಮ್ಮನೇಲಿದ್ದು ಓದು."

"ಅಮ್ಮನಿಗೆ, ತಮ್ಮಂದಿರಿಗೆ ಯಾರಿದ್ದಾರೆ?" ಎಂದಳು ಹನಾನ್. "ಓದಿದ್ದೆಲ್ಲ ಮರೆತೇಹೋಗಿದೆ, ಟೀಚರ್. ಭಿನ್ನರಾಶಿ ಕೂಡೋದೂ ಬರಲ್ಲ."

ಆಪರೇಷನ್ ದಿನ ಟ್ರಾಲಿಯ ಮೇಲೆ ಮಲಗಿದ್ದ ಸಾಲೇಹ್ ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಹೊದಿಕೆ ಸರಿಪಡಿಸಿ, ಅವನ ಹಣೆಗೆ ಮುತ್ತಿಟ್ಟು, "ಇಲ್ಲೇ ಇರ್ತೀನಪ್ಪ" ಎಂದಳು. ಅವನು ಇನ್ನಷ್ಟು ಕಾದ. ಆಮೇಲೆ ಕಣ್ಣು ಮುಚ್ಚಿಕೊಂಡ.

ಅವನು ಬದುಕಿಕೊಂಡ. ಊರಿಗೆ ಹೊರಟ ದಿನ ಟ್ಯಾಕ್ಸಿಯೊಳಗೆ ಕೂತು, ಅವಳು ಆ ಮಾತು ಹೇಳಿದಳಾ ಎಂಬಂತೆ ಸೀತಾಲಕ್ಷ್ಮಿಯವರ ಕಡೆ ನೋಡಿದ. ಅವರು ಇಲ್ಲವೆಂದು ತಲೆಯಾಡಿಸಿದರು. ಹನಾನ್ ಅವನ ಕುತ್ತಿಗೆಗೆ ಶಾಲು ಸುತ್ತುತ್ತಿದ್ದಳು.

ಮನೆಯಲ್ಲಿ ಸೇತುರಾಮರು, "ಹೊರಟ್ರಾ? ಏನಂದ್ಲು ಹುಡುಗಿ?" ಎಂದರು.

"ಏನೂ ಅನ್ಲಿಲ್ಲ ರೀ," ಎಂದ ಸೀತಾಲಕ್ಷ್ಮಿ ಚಪ್ಪಲಿ ಕೂಡ ಬಿಚ್ಚದೆ ಹಜಾರದ ಕುರ್ಚಿಯಲ್ಲಿ ಕುಸಿದು ಕೂತರು.