ಮೊದಲೇ ಗುರುತು ಹಾಕಿದ್ದ ಚೌಕಗಳು

ಆ ದಿನ ವಿದಾದಳ ರಿಪೇರಿ ಮೇಜಿಗೆ ಬಂದ ನಾಲ್ಕನೆಯ ಲ್ಯಾಪ್‌ಟಾಪ್ ಕಂಪ್ಯೂಟರ್ ಅದು. ಸಲಾಮಿಯಾ ಊರಿನಲ್ಲಿ ಒಮ್ಮೆಗೆ ಕರೆಂಟ್ ಬರುವುದೇ ಎರಡು ಗಂಟೆ. ಆ ಎರಡು ಗಂಟೆಯಲ್ಲಿ ಊರಿನವರು ಇಂಟರ್ನೆಟ್ಟಿನಿಂದ ತಮ್ಮ ಕಂಪ್ಯೂಟರಿಗೆ ಕಸ ಇಳಿಸಿಕೊಳ್ಳಬೇಕು, ಅವಳು ಆ ಕಸ ಗುಡಿಸಬೇಕು. ಹನ್ನೊಂದು ವರ್ಷದಿಂದ ಇದೇ ಆಯಿತು. ಈಗ ಅವಳಿಗೆ ಬೇಸರಪಡುವುದಕ್ಕೂ ಬೇಸರ.

ಎದುರಿಗೆ ಕುಳಿತಿದ್ದವನು ನವ್ರಾಸ್. ಹುಟ್ಟಿನಿಂದ ಕಣ್ಣು ಕಾಣದು. ಪರದೆಯ ಮೇಲಿನದನ್ನೆಲ್ಲ ಕಂಪ್ಯೂಟರೇ ಅವನಿಗೆ ಓದಿ ಹೇಳಬೇಕು. ನಾಳೆ ಬೆಳಗ್ಗೆ ಹತ್ತಕ್ಕೆ ಹಮಾ ನಗರದಲ್ಲಿ ಅವನಿಗೆ ಪರೀಕ್ಷೆ. ಧ್ವನಿಮುದ್ರಣ ಕೇಳಿ, ತನ್ನದೇ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತೋರಿಸಬೇಕು. ಗೆದ್ದರೆ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ನೌಕರಿ.

“ನಿಮ್ಮ ಕಂಪ್ಯೂಟರಿಗೆ ಅಪಾಯ! ಈಗಲೇ ಒತ್ತಿ!” ಎಂದಿತು ಯಂತ್ರ.

“ನೋಡಿದ್ಯಾ, ಮಧ್ಯ ಮಧ್ಯ ಬಾಯಿ ಹಾಕತ್ತೆ. ನಮ್ಮ ದೊಡ್ಡತ್ತೇನೂ ಹಿಂಗೇ ಇದ್ಲು,” ಎಂದ ನವ್ರಾಸ್.

“ಹಲ್ಲು ಕಿರೀಬೇಡ. ಏನು ಹಾಕ್ಕೊಂಡೆ?”

“ಮಾತನ್ನ ನಿಧಾನ ಮಾಡಿ ಕೇಳಿಸೋ ಪ್ರೋಗ್ರಾಮು.”

“ತಯಾರು ಮಾಡಿದವರ ಸೈಟಿಂದಲೇ ತಗೊಳ್ಳಿ ಅಂತ ಬಡ್ಕೋತೀನಿ.”

“ನಿರ್ಬಂಧ ಇದೆಯಲ್ಲ ಅಕ್ಕಾ, ನಮ್ಮ ದೇಶದ ಹೆಸರು ಕಂಡ್ರೆ ಆ ಸೈಟಿನವ್ರು ಬಾಗಿಲೇ ತೆಗಿಯಲ್ಲ.”

ಅದು ಅವಳಿಗೂ ಗೊತ್ತಿತ್ತು. ಊರೆಲ್ಲ ಹಿಂಬಾಗಿಲಿನಿಂದಲೇ ತರುವುದು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಕಣ್ಣು ಮುಚ್ಕೊಂಡು ‘ಮುಂದೆ, ಮುಂದೆ’ ಅಂತ ಒತ್ಕೊಂಡು ಹೋಗಿದ್ದೀಯ. ಜೊತೆಗೆ ಬರೋ ಬೇಡದ ಪ್ರೋಗ್ರಾಮಿಗೆಲ್ಲ ಚೌಕದಲ್ಲಿ ಮೊದಲೇ ಗುರುತು ಹಾಕಿರ್ತಾರೆ. ಅದನ್ನ ತೆಗೀಬೇಕು.”

“ಚೌಕ ಇದೆ ಅಂತ ಇದು ಓದಲೇ ಇಲ್ಲ. ‘ಮುಂದೆ’ ಅಂತ ಮಾತ್ರ ಓದ್ತು.”

ತಾನು ಎಂಥ ಮಾತು ಆಡಿದೆನೆಂದು ವಿದಾದಳಿಗೆ ಆಗ ಹೊಳೆಯಿತು. ನಾಚಿಕೆಯಿಂದ ತಲೆ ತಗ್ಗಿಸಿ ಆ ಫೈಲನ್ನು ಹುಡುಕಿದಳು. ನಲವತ್ತು ಎಂಬಿ ಇರಬೇಕಾದದ್ದು ಎರಡೇ ಇತ್ತು. ತಯಾರಕರ ಡಿಜಿಟಲ್ ಸಹಿ ಇರಬೇಕಾದ ಜಾಗದಲ್ಲಿ ಕೇಳರಿಯದ ಯಾವುದೋ ಕಂಪನಿಯ ಹೆಸರು. ಫೈಲು ನಕಲಿ; ಇಷ್ಟು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಆಮೇಲೆ ಫೈಲಿನ ಹೆಸರು ನೋಡಿದಳು. ಕೊನೆಯಲ್ಲಿ ‘ಶುದ್ಧ’ ಎಂದಿತ್ತು. ತಾನು ಪರೀಕ್ಷಿಸಿದ ಫೈಲುಗಳಿಗೆ ಹಾಗೆ ಹೆಸರಿಡುವವಳು ಇಡೀ ಊರಿನಲ್ಲಿ ಅವಳೊಬ್ಬಳೇ.

“ಇದು ನಿಂಗೆ ಎಲ್ಲಿಂದ ಬಂತು?”

ನವ್ರಾಸ್ ‘ಮಾತೆ’ ಎಂಬ ಕಹಿ ಎಲೆ-ಚಹಾದ ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕುಳಿತ. “ನಿನ್ನ ಪೆನ್‌ಡ್ರೈವಿಂದ. ಜರ್ದಾಳು ಹಣ್ಣಿನ ಕಾಲದಲ್ಲಿ ಕೊಟ್ಟಿದ್ದೆಯಲ್ಲ.”

ನೆನಪಾಯಿತು. ಅವತ್ತು ಕರೆಂಟ್ ಹೋಗುವ ಹೊತ್ತು, ಸುಸ್ತು; ಪರೀಕ್ಷಿಸದೆಯೇ ‘ಶುದ್ಧ’ ಎಂದು ಹೆಸರಿಟ್ಟು, ಆಮೇಲೆ ನೋಡಿದರಾಯಿತು ಎಂದುಕೊಂಡಿದ್ದಳು. ಆಮೇಲೆ ನೋಡಲೇ ಇಲ್ಲ.

“ಮೊದಲೇ ಯಾಕೋ ಹೇಳಲಿಲ್ಲ?”

“ನೀನು ಕೊಟ್ಟಿದ್ದು ಕೆಟ್ಟಿರತ್ತಾ? ನಾನೇ ಏನೋ ತಪ್ಪು ಒತ್ತಿರಬೇಕು ಅಂದ್ಕೊಂಡೆ.”

ಬೈಗುಳ ತಿಂದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ. ಒಳಹೊಕ್ಕ ಕಸವನ್ನು ಒಂದೊಂದಾಗಿ ಹುಡುಕಿ ಕಿತ್ತಳು. ಬೈರೂತಿನ ನಾದಿನಿ ತಂದುಕೊಟ್ಟಿದ್ದ ಡಿಸ್ಕಿನಿಂದ ಸರಿಯಾದ ಪ್ರೋಗ್ರಾಮನ್ನು, ಈ ಸಲ ಸಹಿ ನೋಡಿಯೇ, ಹಾಕಿದಳು. ಕರೆಂಟ್ ಹೋಯಿತು. ಬ್ಯಾಟರಿಯ ಮೇಲೆ ನವ್ರಾಸ್ ಒಂದು ಪುಟ ಟೈಪ್ ಮಾಡಿದ. ಯಂತ್ರ ಅವನು ಹೊಡೆದದ್ದನ್ನಷ್ಟೇ ಓದಿತು.

“ನಾಳೆಗೆ ಸಾಕಲ್ವಾ?”

“ಸಾಕು ಅಕ್ಕಾ. ದೊಡ್ಡತ್ತೆ ಊರಿಗೆ ಹೋದ್ಲು.”

ವಿದಾದಳಿಗೆ ನಗು ಬರಲಿಲ್ಲ. ಬೆಳಗಿನ ಮೂರೂ ಕಂಪ್ಯೂಟರುಗಳು ಮೂಲೆಯಲ್ಲಿದ್ದವು. ಮೊದಲನೆಯದನ್ನು ತೆರೆದಳು. ಅದರಲ್ಲೂ ಅದೇ ಎರಡು ಎಂಬಿ, ಅದೇ ‘ಶುದ್ಧ’. ಅದು ಉಮ್ ಗಯಾಸ್ ಎಂಬ ದರ್ಜಿಯದು. ಬೆಳಗ್ಗೆ ಬೈಸಿಕೊಂಡು, ತಪ್ಪಾಯ್ತು ಎಂದು ಹೇಳಿ ಹೋಗಿದ್ದಳು.

ವಿದಾದ್ ಫೋನ್ ಎತ್ತಿಕೊಂಡಳು.

“ಉಮ್ ಗಯಾಸ್, ನಾನು ವಿದಾದ್. ಬೆಳಗ್ಗೆ ಬೈದೆನಲ್ಲ, ಆ ತಪ್ಪು ನಂದು.”