ಬುಟ್ಟಿಯ ಗೋಧಿ, ಗ್ಲಾಸಿನ ಗೋಧಿ

ಹಂಚು ಕಾದಿತ್ತು. ಎರಡನೇ ರೊಟ್ಟಿ ಹಾಕಿ ಮೂರನೆಯದು ಬಡಿಯುತ್ತಿದ್ದೆ. ಮಗಳು ಶೇವಂತಾ ಬಂದು ಪಾಟಿಚೀಲವನ್ನು ಹಿಟ್ಟಿನ ಪರಾತದ ಪಕ್ಕ ಇಟ್ಟಳು.

"ಯಾಡಿ, ನಾ ಇನ್ನ ಸಾಲಿಗಿ ಹೋಗಂಗಿಲ್ಲ."

ಅವಳಿಗೆ ಹತ್ತು ವರ್ಷ. ನಾವು ಲಂಬಾಣಿಗರು, ಯಾಡಿ ಅಂದರೆ ಅವ್ವ. ನಮ್ಮ ಜನರ ಊರಾದ ತಾಂಡಾ ಇರುವುದು ಕಮಲಾಪುರದ ಆಚೆ. ಇವಳ ಓದಿಗೆಂದೇ ಕಲಬುರಗಿಯ ಗಾಜಿಪುರದಲ್ಲಿ ಒಂದು ಖೋಲಿ ಹಿಡಿದಿದ್ದೇವೆ. ಗಂಡ ಸೂರ್ಯಕಾಂತ ಜಗತ್ ಸರ್ಕಲ್ಲಿನಲ್ಲಿ ಆಟೋ ಓಡಿಸುತ್ತಾರೆ.

ಹಿಟ್ಟಿನ ಕೈಯಲ್ಲೇ ಅವಳನ್ನು ಹತ್ತಿರ ಎಳೆದುಕೊಂಡೆ. ಬಿಕ್ಕುತ್ತ ಹೇಳಿದಳು. ತೀಜ್ ಹಬ್ಬಕ್ಕೆ ಒಂಬತ್ತು ದಿನ ತಾಂಡಾಕ್ಕೆ ಹೋಗಿದ್ದಳಲ್ಲ. ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಹುತ್ತದ ಮಣ್ಣು ತುಂಬಿ, ಗೋಧಿ ಬಿತ್ತಿ, ಹಾಡುತ್ತ ನೀರುಣಿಸುವ ಹಬ್ಬ ಅದು. ಅದೇ ದಿನಗಳಲ್ಲಿ ಇಲ್ಲಿ ಗುರುಗಳು ಮಕ್ಕಳಿಂದ ಗ್ಲಾಸಿನಲ್ಲಿ ಗೋಧಿ ಬಿತ್ತಿಸಿದ್ದರು. ಮೊಳಕೆಯ ಎತ್ತರ ಅಳೆದು ಬರೆದವರಿಗೆ ಅಂಕ. ಇವಳಿಗೆ ಸೊನ್ನೆ.

ಸೊನ್ನೆಯನ್ನು ಮಗು ತಡೆದುಕೊಳ್ಳುತ್ತಿತ್ತು. ಆದರೆ ಗುರುಗಳು ರಜೆ ಚೀಟಿ ಎತ್ತಿ ಹಿಡಿದು ಎಲ್ಲರೆದುರು ಅಂದರಂತೆ: "ಜ್ವರ ಬಂದಾಕಿ ಮೆಹಂದಿ ಹಚ್ಕೊಂಡು ಬಂದಾಳ ನೋಡ್ರಿ. ತಾಂಡಾದಾಗ ಹುಲ್ಲು ಬೆಳಸಾಕ ಹೋಗಿದ್ದಳು." ತರಗತಿಯೆಲ್ಲ ನಕ್ಕಿತು. ಈಗ ಇವಳ ಹೆಸರೇ ಹುಲ್ಲು.

ನನ್ನ ಮೈ ಉರಿಯಿತು. ಹಂಚಿನ ರೊಟ್ಟಿ ಕರಕಾಯಿತು. ಗುರುಗಳ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು. ಜ್ವರವೆಂದು ಚೀಟಿ ಬರೆದವಳು ನಾನೇ. ತೀಜ್ ಎಂದು ಬರೆಯಲು ನಾಚಿದ್ದೆ.

ತಾಂಡಾಕ್ಕೆ ಫೋನ್ ಮಾಡಿದರೆ ಅತ್ತೆ ಪುತಳಾಬಾಯಿ ಒಂದೇ ಮಾತು ಅಂದರು: ನಮ್ಮನ್ನು ನೋಡಿ ನಗುವ ಶಾಲೆ ನಮಗೆ ಬೇಡ, ಮೊದಲ ಬಸ್ಸಿಗೆ ಕರೆದುಕೊಂಡು ಬಾ. ನನಗೂ ಅದೇ ಸರಿ ಅನಿಸಿತು. ಚೀಲವನ್ನು ಗೂಟಕ್ಕೆ ತೂಗುಹಾಕಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಅಕ್ಬರಿ ಬೇಗಂ ಆಪಾ ಬಾಗಿಲಲ್ಲಿ ಇಣುಕಿದರು. "ಏನ್ ತಂಗಿ, ರೊಟ್ಟಿ ಸುಟ್ಟಿಯೋ, ಗಂಡನ್ನೋ?"

ಅವರು ಅದೇ ಶಾಲೆಯ ಅಭಿವೃದ್ಧಿ ಸಮಿತಿಯ ಸದಸ್ಯೆ. ಸಂಗತಿ ಕೇಳಿದ ಮೇಲೆ ಅವರ ಮುಖದಲ್ಲಿ ನಗು ಉಳಿಯಲಿಲ್ಲ. ಹಬ್ಬಕ್ಕೆ ಹೋದಳೆಂದು ಎಂಟನೆಯ ತರಗತಿ ಮುಗಿಯುವ ತನಕ ಯಾರೂ ಶಾಲೆಯಿಂದ ಹೆಸರು ಹೊಡೆದುಹಾಕುವಂತಿಲ್ಲ ಎಂದರು. ತಪ್ಪಿದ ಪಾಠ, ಪರೀಕ್ಷೆಗೆ ಇನ್ನೊಂದು ಅವಕಾಶ ಕೇಳಬಹುದು. ನಿಮ್ಮ ಹಬ್ಬ ಯಾವಾಗ ಬರುತ್ತದೆಂದು ಸಮಿತಿಗೆ ಮುಂಚೆಯೇ ಬರೆದು ಕೊಡಬಹುದು. ಹಿಂದೆ ರಂಜಾನ್ ತಿಂಗಳಲ್ಲಿ ಪರೀಕ್ಷೆಯ ಹೊತ್ತು ಬದಲಿಸಲು ತಾವೂ ಹಾಗೆಯೇ ಕೇಳಿದ್ದರಂತೆ.

"ಸಾಲಿ ಬಿಡಿಸಿದ್ರ ಆ ನಗಿನೇ ಗೆದ್ದಂಗ ಆಯ್ತು, ತಂಗಿ. ಶನಿವಾರ ಸಭಾ ಅದ. ನಿಮ್ಮ ಅತ್ತೀನ್ನೂ ಕರಿ. ಎದುರಿಗಿ ಕೂತು ಕೇಳ್ರಿ."

ಅತ್ತೆ ಫೋನಿನಲ್ಲಿ ಬಹಳ ಹೊತ್ತು ಗೊಣಗಿದರು. ಆದರೂ ಶನಿವಾರ ಕಮಲಾಪುರದ ಬಸ್ಸಿನಿಂದ ಇಳಿದರು. ಮೈಮೇಲೆ ಕನ್ನಡಿ ಹೊಲಿದ ಕುಪ್ಪಸ, ಕಂಕುಳಲ್ಲಿ ಗೋಧಿ ಸಸಿಗಳಿದ್ದ ತೀಜ್ ಬುಟ್ಟಿ. ಗೂಟದ ಚೀಲ ತೆಗೆದು ಮೊಮ್ಮಗಳ ಹೆಗಲಿಗೆ ಹಾಕಿದವರೂ ಅವರೇ.

ಅಕ್ಕ ತಂಗಿಯರೇ, ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಹಬ್ಬಕ್ಕೆ ಹೋದರೆ ಚೀಟಿಯಲ್ಲಿ ಹಬ್ಬವೆಂದೇ ಬರೆಯಿರಿ. ಸಿಟ್ಟು ಬಂದರೆ ಮಗುವನ್ನು ಶಾಲೆ ಬಿಡಿಸಬೇಡಿ. ಆ ಸಿಟ್ಟನ್ನು ಹೊತ್ತುಕೊಂಡು ಸಮಿತಿಯ ಸಭೆಗೆ ಹೋಗಿ. ಮನೆಯ ಹಿರಿಯರನ್ನೂ ಕರೆದೊಯ್ಯಿರಿ.

ಆ ಶನಿವಾರ ನಾವು ಶಾಲೆಯ ಕೋಣೆಯಲ್ಲಿ ಗುರುಗಳ ಎದುರು ಕೂತೆವು. ನಾನು ಮಾತು ತೆಗೆಯುವ ಮೊದಲೇ ಶೇವಂತಾ ಎದ್ದು ನಿಂತಳು. ಕಿಟಕಿಯಲ್ಲಿ ಸಾಲಾಗಿಟ್ಟ ಗ್ಲಾಸುಗಳನ್ನು ನೋಡಿದಳು, ಅಜ್ಜಿಯ ಬುಟ್ಟಿಯನ್ನು ನೋಡಿದಳು.

"ಸರ್, ಅದೂ ಗೋಧಿನೇ, ಇದೂ ಗೋಧಿನೇ. ಗ್ಲಾಸಿನ್ಯಾಗ ಬೆಳದ್ರ ಪಾಠ, ನಮ್ಮ ಬುಟ್ಟ್ಯಾಗ ಬೆಳದ್ರ ಹುಲ್ಲು ಯಾಕ್ರಿ?"