ಬಾಯಿಗೆ ಅಕ್ಕಿ

ವ್ಯಾನು ಓಣಿಯಲ್ಲಿ ನಿಂತು ಎಂಜಿನ್ ಆರಿದ ಮೇಲೂ ತ್ರಾಚ್ ಉಸಿರು ತುಂಬುವ ರಬ್ಬರ್ ಚೀಲವನ್ನು ಒತ್ತುತ್ತಲೇ ಇದ್ದ. ಒತ್ತಿದಾಗ ಹೆಂಡತಿ ಮಿಯೆನ್‌ಳ ಎದೆ ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು.

"ಯಜಮಾನ್ರೇ, ಮನೆ ಬಂತು. ಇನ್ನು ಸಾಕು ಮಾಡಿ," ಎಂದ ಡ್ರೈವರ್.

"ನೀನು ಬಾಗಿಲು ತೆಗಿ. ಮಿಕ್ಕಿದ್ದು ನಿಂಗ್ಯಾಕೆ?"

ಸುದ್ದಿ ಮೊದಲೇ ಅವರ ಊರು ಸಾದೆಕ್ ತಲುಪಿತ್ತು. ಓಣಿಯವರು ಗೇಟಿನ ಹೊರಗೆ ನೀಲಿ ಟಾರ್ಪಾಲು, ನಾಲ್ಕು ಬಿದಿರು ತಂದಿಟ್ಟುಕೊಂಡು ಕಾಯುತ್ತಿದ್ದರು. ಹೊರಗೆ ಸತ್ತವರನ್ನು ಹೊಸಿಲು ದಾಟಿಸುವಂತಿಲ್ಲ. ದಾಟಿಸಿದರೆ ಹೆಣದ ಬೆನ್ನಿಗೇ ಇನ್ನೊಂದು ಸಾವು ಮನೆಯೊಳಗೆ ಬರುತ್ತದೆ. ಈ ಮಾತನ್ನು ಓಣಿಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನು ತ್ರಾಚನೇ. ಜೊತೆಗೇ ಇದ್ದ ಅವನ ಅತ್ತೆ, ಮಿಯೆನ್‌ಳ ತಾಯಿ, ಆಸ್ಪತ್ರೆಯಲ್ಲಿ ತೀರಿಕೊಂಡಾಗ, ಜಗುಲಿಗಾದರೂ ತರೋಣ ಎಂದು ಮಿಯೆನ್ ಅವನ ಕಾಲು ಹಿಡಿದಿದ್ದಳು. ಜಪ್ಪಯ್ಯ ಅಂದರೂ ಅವನು ಕೇಳಲಿಲ್ಲ. ಮುದುಕಿ ಮಳೆಯಲ್ಲಿ ಬೀದಿಯಲ್ಲೇ ಮಲಗಿದ್ದು, ಅಲ್ಲಿಂದಲೇ ಮಣ್ಣಿಗೆ ಹೋದಳು. ಅತ್ತೆಯ ಹೆಣಕ್ಕೆ ಕಟ್ಟಳೆ ಹೇರುವುದು ಅವನಿಗೆ ಕಷ್ಟವಾಗಿರಲಿಲ್ಲ.

ಮಿಯೆನ್‌ಳ ತಂಗಿ ದಿಯೆಪ್ ವ್ಯಾನಿನೊಳಗೆ ಬಗ್ಗಿದಳು.

"ಉಸಿರಿದೆಯಾ ಬಾವ?"

"ಕಾಣಲ್ವಾ?"

"ಕೈ ತೆಗೀರಿ, ನೋಡೋಣ."

"ಒಳಗೆ ಹೋಗ್ಲಿ. ಆಮೇಲೆ ತೆಗೀತೀನಿ."

ದಿಯೆಪ್ ಅವನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಗಂಡಸರ ಕಡೆ ತಿರುಗಿ, "ಎತ್ತಿ," ಎಂದಳು.

ಅವನು ಚೀಲ ಒತ್ತುತ್ತಲೇ ಪಕ್ಕದಲ್ಲಿ ನಡೆದ. ಗೇಟು ದಾಟಿತು, ಹೊಸಿಲು ದಾಟಿತು. ನಡುಮನೆಯ ಮಂಚದ ಮೇಲೆ ಮಲಗಿಸಿದ ಮೇಲೆ ಕೈ ಸಡಿಲ ಬಿಟ್ಟು, "ಈಗ ಹೋದ್ಲು," ಎಂದ. ಹೆಂಗಸರು ಅಳತೊಡಗಿದರು. ಹೊರಗೆ ಯಾರೋ ಟಾರ್ಪಾಲು ಮಡಚಿದರು.

*

ಮದುವೆಯಾದಾಗಿನಿಂದ ಮಿಯೆನ್ ಕಡಲು ತೋರಿಸಿ ಎನ್ನುತ್ತಿದ್ದಳು. ತಮ್ಮ ಶ್ಯಾವಿಗೆ ಅಂಗಡಿಯ ಒಲೆ ಆರಿಸಲು ಅವನಿಗೆ ಮನಸ್ಸು ಬರಲು ತಲೆ ನರೆಯಬೇಕಾಯಿತು. ಕೊನೆಗೆ ಒಂದು ದಿನ ಇಬ್ಬರೂ ಬಸ್ಸು ಹತ್ತಿ ಕಡಲ ದಂಡೆಯ ವುಂಗ್‌ತಾವ್‌ಗೆ ಹೋದರು.

ಅಲ್ಲಿ ಅವಳು ಬಾಡಿಗೆಯ ಬಟ್ಟೆಕುರ್ಚಿಯಲ್ಲಿ ಕಾಲು ಚಾಚಿ, ಸೀಗಡಿ ಇಟ್ಟು ಹೊಯ್ದ ಪಡ್ಡನ್ನು ಸೊಪ್ಪಿನಲ್ಲಿ ಸುತ್ತಿ ತಿಂದಳು.

"ಎಷ್ಟು ರುಚಿ ನೋಡ್ರಿ."

"ಯಾಕೆ, ನಮ್ಮ ಶ್ಯಾವಿಗೆಗೇನಾಗಿದೆ?"

"ಅದನ್ನ ನಾನೇ ಬೇಯಿಸ್ಬೇಕಲ್ಲ."

ಅವನಿಗೂ ನಗು ಬಂತು. ಸಂಜೆವರೆಗೆ ಇಬ್ಬರೂ ಏನೂ ಮಾಡದೆ ಅಲ್ಲೇ ಕೂತಿದ್ದರು. ಅಷ್ಟು ಹೊತ್ತು ಅವಳ ಕೈ ಖಾಲಿ ಇದ್ದುದನ್ನು ಅವನು ನೋಡಿದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ದೀಪಸ್ತಂಭದ ಏರು ಹತ್ತುವಾಗ ಅವಳು ಎದೆ ಹಿಡಿದುಕೊಂಡು ಕುಸಿದಳು. ಆಸ್ಪತ್ರೆಯ ಚಿಕ್ಕ ವಯಸ್ಸಿನ ಡಾಕ್ಟರು ಹೇಳಿದರು: "ಇಲ್ಲೇ ಇರ್ಲಿ. ಔಷಧಿ ಹಿಡಿದ್ರೆ ಉಳೀತಾರೆ."

"ಹಿಡೀದೇ ಹೋದ್ರೆ?"

ಡಾಕ್ಟರು ಸುಮ್ಮನಾದರು. ತ್ರಾಚನಿಗೆ ಆ ಮೌನ ಮಾತ್ರ ಕೇಳಿಸಿತು. ಹೆಂಡತಿಯ ಹೆಣ ಗೇಟಿನ ಹೊರಗೆ, ಟಾರ್ಪಾಲಿನ ಕೆಳಗೆ ಮಲಗಿರುವುದು ಕಣ್ಣಿಗೆ ಕಟ್ಟಿತು. ಮನೆಗೆ ಒಯ್ಯುತ್ತೇನೆ ಎಂದ. ದಾರಿ ದೂರ, ತಡೆಯಲಾರರು ಎಂದು ಡಾಕ್ಟರು ಬಗೆಬಗೆಯಾಗಿ ಹೇಳಿದರು.

ಮಿಯೆನ್ ಕಣ್ಣು ತೆರೆದಳು. "ಇಲ್ಲೇ ಇರೋಣ ಕಣ್ರೀ. ಕಿಟಕೀಲಿ ಗಾಳಿ ಬರ್ತಿದೆ."

"ಬೀದಿ ಹೆಣ ಆಗ್ಬೇಕಾ ನಿಂಗೆ?" ಎಂದು ಗದರಿದ. ಅವಳು ಮತ್ತೆ ಮಾತಾಡಲಿಲ್ಲ.

ಕಡಲು ಮರೆಯಾಗುವಷ್ಟರಲ್ಲಿ ಅವಳ ಉಸಿರು ನಿಂತಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ ವೇಗ ತಗ್ಗಿಸಿದ. "ನಿಲ್ಲಿಸ್ಬೇಡ," ಎಂದ ತ್ರಾಚ್, ನರ್ಸು ಕೊಟ್ಟಿದ್ದ ಚೀಲವನ್ನು ಒತ್ತತೊಡಗಿದ.

*

ಮೈ ತೊಳೆದು, ಒಳ್ಳೆಯ ಬಟ್ಟೆ ಉಡಿಸಿ, ಪೆಟ್ಟಿಗೆಯಲ್ಲಿಡುವ ಮೊದಲು ಸತ್ತವರ ಬಾಯಿಗೆ ಅಕ್ಕಿ ಹಾಕಬೇಕು. ಪರಲೋಕದ ದಾರಿಯಲ್ಲಿ ಹಸಿವಾಗಬಾರದಲ್ಲ. ಗಂಡನೇ ಹಾಕಲಿ ಎಂದರು. ತ್ರಾಚ್ ಒಂದು ಚಿಟಿಕೆ ಅಕ್ಕಿ ತೆಗೆದುಕೊಂಡು ಗಲ್ಲ ಹಿಡಿದ. ಬಾಯಿ ತೆರೆಯಲಿಲ್ಲ. ಅಮುಕಿ ನೋಡಿದ. ದವಡೆ ಬೀಗ ಹಾಕಿದಂತೆ ಕೂತಿತ್ತು.

ಓಣಿಯಲ್ಲಿ ಸತ್ತವರ ಪೈಕಿ ಅರ್ಧ ಜನರ ಮೈ ತೊಳೆದಿದ್ದ ನೆರೆಮನೆಯ ಮುದುಕಿ ಮುಂದೆ ಬಂದು ದವಡೆ ಮುಟ್ಟಿ ನೋಡಿದಳು.

"ಇದು ಈಗಿನದಲ್ಲ ಕಣಪ್ಪ. ಹೋಗಿ ತುಂಬಾ ಹೊತ್ತಾಗಿದೆ."

ಒಬ್ಬಿಬ್ಬರು ಬಾಗಿಲ ಕಡೆ ನೋಡಿದರು. ಈಗ ಎತ್ತಿ ಹೊರಗೆ ಹಾಕಿ ಎಂದು ಒಬ್ಬರು ಬಾಯಿಬಿಟ್ಟಿದ್ದರೂ ಸಾಕಿತ್ತು, ಮಿಯೆನ್ ಬೀದಿಗೆ ಹೋಗುತ್ತಿದ್ದಳು.

"ಅಕ್ಕ ಈ ಮನೇಲಿ ಹಲ್ಲು ಕಚ್ಕೊಂಡೇ ಬದುಕಿದೋಳು ಅಜ್ಜಿ," ಎಂದಳು ದಿಯೆಪ್. "ಅದಕ್ಕೇ ದವಡೆ ಹಂಗಿದೆ. ನೀವು ಹೋಗಿ ದೀಪಕ್ಕೆ ಎಣ್ಣೆ ನೋಡಿ."

ಮುದುಕಿ ಅವಳನ್ನೊಮ್ಮೆ ನೋಡಿ, ಗೊಣಗಿಕೊಂಡು ಹೋದಳು. ಉಳಿದವರೂ ಹಿಂದೆಯೇ ಹೋದರು. ದಿಯೆಪ್ ಬಾವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

"ಎಲ್ಲಿ ಹೋದ್ಲು?"

"ಸಮುದ್ರ ಮರೆಯಾಗ್ತಿದ್ದ ಹಾಗೇ."

"ಡಾಕ್ಟ್ರು ಏನಂದಿದ್ರು?"

ಅವನು ಹೇಳಿದ. ಉಳೀತಾರೆ ಎಂದದ್ದನ್ನೂ ಹೇಳಿದ.

ದಿಯೆಪ್ ಅಳಲಿಲ್ಲ. ಅತ್ತಿದ್ದರೆ ಅವನಿಗೆ ಎಷ್ಟೋ ಮೇಲಾಗುತ್ತಿತ್ತು.

"ನಿಮ್ಮಮ್ಮನ ಹಾಗೆ ಆಗ್ಬಾರ್ದು ಅಂತ ತಂದೆ ಕಣಮ್ಮ. ಓಣಿಯೋರು ಬಿಡ್ತಿರ್ಲಿಲ್ಲ."

"ಓಣಿಯೋರಿಗೆ ಅದನ್ನ ಹೇಳ್ಕೊಟ್ಟೋರು ಯಾರು ಬಾವ? ಮನೆ ನಿಮ್ದು, ಬಾಗಿಲು ನಿಮ್ದು, ಬೇಡ ಅನ್ನೋ ಬಾಯೂ ನಿಮ್ದೇ. ಎಲ್ಲೇ ಸತ್ತಿರ್ಲಿ, ಇವಳು ನನ್ನ ಹೆಂಡ್ತಿ, ಒಳಗೆ ತನ್ನಿ ಅಂತ ನೀವಂದಿದ್ರೆ ಯಾರು ಅಡ್ಡ ಬರ್ತಿದ್ರು? ಅಷ್ಟು ಹೇಳೋದ್ಕಿಂತ ಅವಳನ್ನ ಸಾಯಿಸೋದು ಸುಲಭ ಆಯ್ತಾ ನಿಮ್ಗೆ?"

ಉತ್ತರಕ್ಕೆ ಕಾಯದೆ ಅವಳು ಎದ್ದು, ಬಂದವರನ್ನು ಕೂರಿಸಲು ಹೋದಳು. ಬಾಗಿಲಲ್ಲಿ ಯಾರೋ ಹೆಂಗಸು ಮೂಗೊರೆಸಿಕೊಂಡು ಹೇಳುತ್ತಿದ್ದಳು: "ಪುಣ್ಯವಂತೆ. ಕಡಲೂ ನೋಡಿದ್ಲು, ಮನೇಲೇ ಕಣ್ಣೂ ಮುಚ್ಚಿದ್ಲು. ಕಟ್ಕೊಂಡ್ರೆ ಇಂಥ ಗಂಡನ್ನ ಕಟ್ಕೋಬೇಕು."

"ಹೌದು," ಎಂದಳು ದಿಯೆಪ್.

ತ್ರಾಚ್ ಇನ್ನೊಮ್ಮೆ ಪ್ರಯತ್ನಿಸಿದ. ಅಕ್ಕಿ ಹಲ್ಲಿಗೆ ತಾಗಿ, ತುಟಿಯಿಂದ ಜಾರಿ ದಿಂಬಿನ ಮೇಲೆ ಬಿತ್ತು. ಒಂದೊಂದೇ ಕಾಳು ಹೆಕ್ಕಿದ. ಪೆಟ್ಟಿಗೆ ಹಿಡಿದವರು ಒಳಗೆ ಬಂದು ನಿಂತಿದ್ದರು.

"ಅಕ್ಕಿ ಆಯ್ತಾ?"

"ಆಯ್ತು," ಎಂದ ತ್ರಾಚ್. ಗೋಡೆಯ ಕಡೆ ತಿರುಗಿ, ಮುಷ್ಟಿಯಲ್ಲಿದ್ದ ಅಕ್ಕಿಯನ್ನು ತನ್ನ ಬಾಯಿಗೇ ಹಾಕಿಕೊಂಡು ಜಗಿಯತೊಡಗಿದ.